ಸಾಕುಪ್ರಾಣಿಗಳ ಆಹಾರದಲ್ಲಿ ಸಸ್ಯಮೂಲದ ಮಂದಕಾರಿಗಳು: ಚವಳಿ ಬೀಜದ ನೆಲೆಯಿಂದ ಒಂದು ಸಮೀಕ್ಷೆ

ನಾಯಿ, ಬೆಕ್ಕುಗಳ ಡಬ್ಬಿ ಆಹಾರದಲ್ಲಿ ಮಾಂಸವೂ ರಸವೂ ಬೇರ್ಪಡದಂತೆ ನೋಡಿಕೊಳ್ಳುವ ಮಂದಕಾರಿಗಳನ್ನು, ಅಂದರೆ ನೀರು ಹೀರಿ ದ್ರವವನ್ನು ಮಂದವಾಗಿಸುವ ಪದಾರ್ಥಗಳನ್ನು, ಅಗ್ಗದ ಬೆರಕೆಯೆಂದು ಹಳಿಯುವ ರೂಢಿ ನಗರದ ಸಾಕಣೆದಾರರಲ್ಲಿ ಈಚೆಗೆ ಹಬ್ಬಿದೆ. ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಸೇರುವ ವಸ್ತುವಿನ ಬಗ್ಗೆ ಇದು ಅನ್ಯಾಯದ ತೀರ್ಪು.

1860ರ ದಶಕದಲ್ಲಿ ಜೇಮ್ಸ್ ಸ್ಪ್ರಾಟ್ ಇಂಗ್ಲೆಂಡಿನಲ್ಲಿ ಮಾರಿದ ನಾಯಿ ಬಿಸ್ಕತ್ತನ್ನು ಗಟ್ಟಿಯಾಗಿ ಕೂಡಿಸಲು ಗೋಧಿ ಹಿಟ್ಟೇ ಸಾಕಾಗಿತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ ಡಬ್ಬಿಯ ಮಾಂಸ ಬಂದ ಮೇಲೆಯೇ ರಸವನ್ನು ಹಿಡಿದಿಡುವ ಪ್ರಶ್ನೆ ಎದ್ದಿತು. ಮೆಡಿಟರೇನಿಯನ್ ತೀರದ ಕ್ಯಾರಬ್ ಮರದ ಬೀಜದ ಗೋಂದು ಎರಡನೆಯ ಮಹಾಯುದ್ಧದಲ್ಲಿ ದುರ್ಲಭವಾದಾಗ ಉದ್ಯಮವು ಗೌರ್ ಕಡೆಗೆ, ಅಂದರೆ ಉತ್ತರ ಕರ್ನಾಟಕದ ಶಹಾಪುರ, ಸುರಪುರದ ಸಂತೆಗಳಲ್ಲಿ ಎಳೆಯ ತರಕಾರಿಯಾಗಿ ಮಾರಾಟವಾಗುವ ಚವಳಿಕಾಯಿಯ ಕಡೆಗೆ, ಹೊರಳಿತು.

ಬಲಿತ ಚವಳಿ ಬೀಜದಲ್ಲಿ ಮೊಳಕೆಗೆ ಆಹಾರವಾಗುವ ಭಾಗವು ತೂಕದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚಿದ್ದು, ಅದರಲ್ಲಿರುವ ಗ್ಯಾಲಕ್ಟೊಮನ್ನಾನ್ ಮ್ಯಾನೋಸ್ ಸಕ್ಕರೆಯ ಸರಪಳಿಗೆ ಗ್ಯಾಲಕ್ಟೋಸ್ ಕವಲುಗಳು ಅಂಟಿದ ಪಾಲಿಸ್ಯಾಕರೈಡ್ ಆಗಿದೆ. ಚವಳಿಯಲ್ಲಿ ಎರಡು ಮ್ಯಾನೋಸಿಗೆ ಸುಮಾರು ಒಂದು ಕವಲಿರುವುದರಿಂದ ಅದು ತಣ್ಣೀರಿನಲ್ಲೇ ಕರಗಿ ಗ್ರೇವಿಯನ್ನು ಮಂದಗೊಳಿಸುತ್ತದೆ. ಕ್ಯಾರಬ್‌ನಲ್ಲಿ ನಾಲ್ಕಕ್ಕೆ ಒಂದೇ ಕವಲಿರುವುದರಿಂದ ಅದು ಕಡಲಪಾಚಿಯ ಕ್ಯಾರಗೀನನ್ ಜೊತೆ ಕೂಡಿ ಗಟ್ಟಿ ಜೆಲ್ಲಿಯಾಗುತ್ತದೆ. ಕವಲು ಇನ್ನೂ ವಿರಳವಾದ ಚಗಚೆ ಬೀಜದ ಗೋಂದಿಗೂ ಇದೇ ಗುಣವಿದ್ದು, ಮಳೆಗಾಲದಲ್ಲಿ ಬೀಳು ನೆಲದ ತುಂಬ ಏಳುವ ಈ ಗಿಡವನ್ನು ಬರಿಯ ಕಳೆಯೆಂದು ಕಡೆಗಣಿಸಿರುವುದು ವಿಷಾದದ ಸಂಗತಿ. ಅದರ ಬೀಜದ ಆಂಥ್ರಾಕ್ವಿನೋನ್‌ಗಳನ್ನು ಶುದ್ಧೀಕರಣದಲ್ಲಿ ತೆಗೆಯಬೇಕೆಂಬುದು ಮಾತ್ರ ನಿಜ.

ಶುದ್ಧತೆಯ ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಇಟ್ಟದ್ದು 2007. ಆ ವರ್ಷ ಚೀನಾದಿಂದ ಬಂದ ಗೋಧಿ ಗ್ಲುಟೆನ್‌ನಲ್ಲಿ ಮೆಲಮೀನ್ ಎಂಬ ರಾಸಾಯನಿಕ ಸಿಕ್ಕು ಉತ್ತರ ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಭಾರತದ ಗೌರ್ ಗೋಂದಿನಲ್ಲಿಯೂ ಡಯಾಕ್ಸಿನ್ ಪತ್ತೆಯಾಗಿ, ಮರುವರ್ಷ ಯುರೋಪು ಪರೀಕ್ಷಾಪತ್ರವನ್ನು ಕಡ್ಡಾಯಗೊಳಿಸಿತು. ಶೇಲ್ ತೈಲದ ಬಾವಿಗಳು ಇದೇ ಗೋಂದನ್ನು ಸೆಳೆದುಕೊಂಡಾಗ ಬೆಲೆ ಗಗನಕ್ಕೇರಿ, 2012ರ ಮಾರ್ಚ್‌ನಲ್ಲಿ ಭಾರತದಲ್ಲಿ ಗೌರ್ ವಾಯಿದಾ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಗೋಂದಿನ ಆಯ್ಕೆಯಿಂದ ಮಲದ ತೇವವೂ ಪೋಷಕಾಂಶಗಳ ಜೀರ್ಣವೂ ಬದಲಾಗುತ್ತವೆಂದು ನಾಯಿಗಳ ಮೇಲಿನ ಪ್ರಯೋಗಗಳು ತೋರಿಸಿರುವುದರಿಂದ, ಬೆಲೆಯೊಂದನ್ನೇ ನೋಡಿ ಒಂದರ ಬದಲು ಮತ್ತೊಂದನ್ನು ಹಾಕುವುದು ಸಲ್ಲದು.

ಇದನ್ನು ಒರೆಗೆ ಹಚ್ಚಬಲ್ಲ ಪರಿಣತಿ ಕರ್ನಾಟಕದಲ್ಲಿ ಬೇರೆ ಬೇರೆ ಸಂಸ್ಥೆಗಳಲ್ಲಿ ಹಂಚಿಹೋಗಿದೆ. ಬೆಳೆಯ ಪಾಲು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದ್ದು. ಮುಧೋಳ ನಾಯಿಯ ಅಧ್ಯಯನವು ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಪಾಲಿಗಿದೆ. ಆಹಾರ ಸಂಸ್ಕರಣೆಯ ಸಂಶೋಧನೆ 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ನೆಲೆಗೊಂಡಿದೆ. ಬೆಳೆ, ಗೋಂದು, ನಾಯಿಯ ಹೊಟ್ಟೆ ಈ ಮೂರೂ ಒಂದೇ ಪ್ರಶ್ನೆಯ ಅಂಗಗಳಾಗಿರುವುದರಿಂದ, ಶಹಾಪುರ, ಸುರಪುರ ಸೀಮೆಯಲ್ಲಿ ನಾರಾಯಣಪುರ ಕಾಲುವೆಯ ನೀರು ತಲುಪದ ಹೊಲಗಳಲ್ಲಿ ಗೋಂದಿಗೆ ಒಗ್ಗುವ ಚವಳಿ ತಳಿಗಳನ್ನು ಬೆಳೆದು, ಅವುಗಳ ಬೀಜದ ಗೋಂದಿನ ಬೇಳೆಯನ್ನು ಅಲ್ಲೇ ಬೇರ್ಪಡಿಸಿ, ಸಿದ್ಧವಾದ ಗೋಂದನ್ನು ಮುಧೋಳ ನಾಯಿಗಳ ಆಹಾರದಲ್ಲಿ ಪರೀಕ್ಷಿಸುವ ಕೂಡು ಅಧ್ಯಯನ ಆಗಬೇಕಾಗಿದೆ. ಆಗ ಗೋಂದು ತೆಗೆದ ಮೇಲೆ ಉಳಿಯುವ, ಪ್ರೋಟೀನು ತುಂಬಿದ ಚೂರಿ ಮತ್ತು ಕೊರ್ಮಾ ಈ ಸೀಮೆಯ ದನಗಳಿಗೇ ಮೇವಾಗಿ ಸಲ್ಲುತ್ತವೆ.