ಅಪ್ಪನ ಲೆಕ್ಕದ ಪುಸ್ತಕ

ಇತಿಹಾಸ ಬೋಧಿಸುವಾಗ ಒಂದು ಮಾತನ್ನು ನಾನು ಬಹು ಖಚಿತವಾಗಿ ಹೇಳುತ್ತಿದ್ದೆ: ಹಿಂದಿನವರು ಮಕ್ಕಳ ಸಾವನ್ನು ಮೇಲಿಂದ ಮೇಲೆ ಕಾಣುತ್ತಿದ್ದುದರಿಂದ ಅವರನ್ನು ಅಷ್ಟಾಗಿ ಹಚ್ಚಿಕೊಳ್ಳುತ್ತಿರಲಿಲ್ಲ, ತಂದೆಯಂದಿರಂತೂ ಇನ್ನೂ ದೂರ. ಅಂದು ಇದನ್ನು ಬರೆದುಕೊಂಡ ಶಿಷ್ಯರು ಈಗ ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ.

ಆ ವಾದವನ್ನು ಪ್ರಸಿದ್ಧಿಗೆ ತಂದವರು ಫ್ರಾನ್ಸಿನ ಫಿಲಿಪ್ ಆರಿಯೆಸ್. ಗ್ರಂಥ ಬಂದದ್ದು 1960ರಲ್ಲಿ. (ಅವರು ಬಹುಕಾಲ ಉಷ್ಣವಲಯದ ಹಣ್ಣುಗಳ ಸಂಶೋಧನಾ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದು, ಬಿಡುವಿನಲ್ಲಿ ಇತಿಹಾಸ ಬರೆದವರು!) 1977ರಲ್ಲಿ ಲಾರೆನ್ಸ್ ಸ್ಟೋನ್ ಇಂಗ್ಲೆಂಡಿನ ಬಗ್ಗೆಯೂ ಹೆಚ್ಚುಕಡಿಮೆ ಹಾಗೆಯೇ ಹೇಳಿದರು. 1983ರಲ್ಲಿ ಲಿಂಡಾ ಪೊಲಾಕ್ ನೂರಾರು ದಿನಚರಿ, ಆತ್ಮಕಥೆಗಳನ್ನು ಓದಿ ಇದನ್ನು ಅಲ್ಲಗಳೆದರು.

ಅಂಥ ದಿನಚರಿಗಳಲ್ಲೊಂದು ಎಸೆಕ್ಸ್ ಪ್ರಾಂತದ ಪಾದ್ರಿ ರಾಲ್ಫ್ ಜೋಸೆಲಿನ್‌ನದು. ಅಲನ್ ಮ್ಯಾಕ್‌ಫರ್ಲೇನ್ 1970ರಲ್ಲಿ ಅದರ ಅಧ್ಯಯನವನ್ನೂ 1976ರಲ್ಲಿ ಮೂಲವನ್ನೂ ಪ್ರಕಟಿಸಿದರು. 1648ರಲ್ಲಿ ಹತ್ತು ದಿನದ ಶಿಶು ತೀರಿಕೊಂಡಾಗ, ಅದಿನ್ನೂ ಅಭ್ಯಾಸವಾಗಿರಲಿಲ್ಲವೆಂದು ಪಾದ್ರಿ ಬರೆದುಕೊಳ್ಳುತ್ತಾನೆ. ಆರಿಯೆಸ್ ಗೆದ್ದರೆನ್ನಬೇಕು. ಆದರೆ ಅದೇ ಮನುಷ್ಯ, ತಾನು ಹೊತ್ತಲ್ಲದ ಹೊತ್ತಿನಲ್ಲಿ ಚದುರಂಗವಾಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಇದಿರಬಹುದೇ ಎಂದು ಕೊರಗುತ್ತಾನೆ. 1650ರ ಮೇ ತಿಂಗಳಲ್ಲಿ ಎಂಟು ವರ್ಷದ ಮಗಳು ಮೇರಿ ಹೋದಾಗಿನ ಬರಹವಂತೂ ಓದಲಾಗದಷ್ಟು ಸಂಕಟದ್ದು. ಮುಂದೆ ಕುಡುಕನಾದ ಮಗ ಜಾನ್‌ಗೆ ಆಸ್ತಿ ಕೊಡೆನೆಂದು ಗದರಿಸಿಯೂ ಆ ಬೆದರಿಕೆಯನ್ನು ನಡೆಸಲಿಲ್ಲ.

ಇದನ್ನೋದಿದ ಮೇಲೆ ನಾನು ಅಟ್ಟದಿಂದ ಅಪ್ಪನ ಲೆಕ್ಕದ ಪುಸ್ತಕಗಳನ್ನು ಇಳಿಸಿದೆ. 1966ರಲ್ಲಿ ನನ್ನ ತಂಗಿ ಜ್ವರದಿಂದ ತೀರಿಕೊಂಡಳು. ಅವಳಿಗೆ ಮೂರು ವರ್ಷ. ಅಪ್ಪ ಅತ್ತದ್ದನ್ನು ನಾನು ಕಾಣೆ, ಅವಳ ಹೆಸರೆತ್ತಿದ್ದನ್ನೂ ಕೇಳೆ. ಕಲ್ಲುಮನಸ್ಸೆಂದೇ ಐವತ್ತು ವರ್ಷ ಭಾವಿಸಿದ್ದೆ. ಪುಸ್ತಕದಲ್ಲಿ ಆ ದಿನದ ಪುಟ ಖಾಲಿ. ಮರುದಿನದಿಂದ ಮತ್ತೆ ಅಕ್ಕಿ, ಸೀಮೆಎಣ್ಣೆ. ಹಾಲು ಮಾತ್ರ ಎಂದಿನಂತೆ ಎರಡು ಪಾವು. ಹಾಲು ಕುಡಿಯುವ ಮಗು ಮನೆಯಲ್ಲಿಲ್ಲ. ಕಾಸುಕಾಸಿಗೂ ಲೆಕ್ಕವಿಡುವ ಮನುಷ್ಯ ನಲವತ್ತೆರಡು ದಿನ ಎರಡು ಪಾವು ಕೊಂಡಿದ್ದಾರೆ. ನಂತರ ಒಂದು ಪಾವು. ಮರೆತಿದ್ದರು ಎನ್ನಲು ಅವರ ಇತರ ಲೆಕ್ಕಗಳು ಬಿಡವು. ಹಾಲಿನವನಿಗೆ ಬೇಡವೆನ್ನಲು ಬಾಯಿ ಬರಲಿಲ್ಲವೋ ಏನೋ.

1967ರ ಪುಸ್ತಕ ಅಟ್ಟದಲ್ಲಿ ಸಿಗಲಿಲ್ಲ. ಬಂಧುಗಳಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ.