ವಿರಳ ಜನವಸತಿಯಲ್ಲಿ ಅನಾಮಧೇಯತೆ: ಬೊಕ್ಕಾಪುರಂ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಅಂತರ್ಜಾಲದಲ್ಲಿ ತನ್ನ ಗುರುತನ್ನು ಮರೆಸಿಕೊಳ್ಳುವ ವಿದ್ಯೆಯನ್ನು ಕುರಿತು ಇದುವರೆಗೆ ನಡೆದಿರುವ ವಿದ್ವತ್‌ಚರ್ಚೆಯ ಬಹುಭಾಗವು ಮಹಾನಗರದ ನಿವಾಸಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ನಡೆದುದಾಗಿದೆ. ಲಕ್ಷಾಂತರ ಜನರು ಒಂದೇ ಬೀದಿಗಳಲ್ಲಿ ನಡೆದಾಡುವ, ಒಂದೇ ಬಗೆಯ ಫೋನುಗಳನ್ನು ಹಿಡಿದಿರುವ, ನೆರೆಮನೆಯವರ ಹೆಸರನ್ನೂ ಅರಿಯದಿರುವ ಬೆಂಗಳೂರಿನಂಥ ನಗರದಲ್ಲಿ ಒಬ್ಬನ ಹೆಸರನ್ನು ಕಡತದಿಂದ ತೆಗೆದುಹಾಕಿದರೆ ಅವನನ್ನೇ ತೆಗೆದುಹಾಕಿದಂತೆ ಆದೀತು. ಆದರೆ ನೀಲಗಿರಿಯ ಉತ್ತರದ ಅಡಿಯಲ್ಲಿ, ಸೀಗೂರು ಪ್ರಸ್ಥಭೂಮಿಯ ಕುರುಚಲು ಕಾಡಿನ ನಡುವೆ, ಮಸಿನಗುಡಿಗೆ ಅನತಿದೂರದಲ್ಲಿರುವ ಬೊಕ್ಕಾಪುರಂನಂತಹ ಊರಿನಲ್ಲಿ, ಇರುಳರ ಮತ್ತು ಕುರುಂಬರ ಹಾಡಿಗಳೂ ಕೆಲವು ಕೃಷಿಕ ಕುಟುಂಬಗಳೂ ಪ್ರವಾಸಿಗರ ತಂಗುಮನೆಗಳೂ ಆನೆಗಳು ಓಡಾಡುವ ದಾರಿಯ ಇಕ್ಕೆಲಗಳಲ್ಲಿ ಚದುರಿಕೊಂಡಿರುವಲ್ಲಿ, ಹೆಸರಿಲ್ಲದ ಮಾತನ್ನು ಕೇಳಿದೊಡನೆಯೇ ಅದನ್ನಾಡಿದವರು ಯಾರೆಂದು ಊರಿಗೆ ಊರೇ ಊಹಿಸಬಲ್ಲುದು. ಅನಾಮಧೇಯತೆಯು ಗೂಢಲಿಪಿಯ ಬಲಕ್ಕಿಂತ ಹೆಚ್ಚಾಗಿ ಸುತ್ತಲಿನ ಜನರ ಸಂಖ್ಯೆಯನ್ನು ಅವಲಂಬಿಸಿರುವುದೆಂಬ ಸಂಗತಿಯನ್ನು ಸ್ಥಾಪಿಸಿ, ಹಾಗಿರುವಲ್ಲಿ ಜನವಿರಳವಾದ ಸೀಮೆಗೆ ಯಾವ ರಕ್ಷಣೆಯು ಉಳಿಯುವುದೆಂದು ವಿಚಾರಿಸುವುದು ಈ ಲೇಖನದ ಉದ್ದೇಶ.

ವಿದ್ಯೆಯ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಹಲವರ ಸಂದೇಶಗಳನ್ನು ಒಂದೆಡೆ ಕೂಡಿಹಾಕಿ, ಬಂದ ಕ್ರಮವನ್ನು ಕೆಡಿಸಿ ಹೊರಗೆ ಕಳುಹಿಸಿದರೆ ಯಾವುದು ಯಾರದೆಂದು ನೋಡುಗನಿಗೆ ತಿಳಿಯದೆಂಬುದನ್ನು ಡೇವಿಡ್ ಚೌಮ್ 1981ರಲ್ಲಿಯೇ ತೋರಿಸಿಕೊಟ್ಟಿದ್ದನು. 1990ರ ದಶಕದ ನಡುಭಾಗದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಗೋಲ್ಡ್‌ಶ್ಲಾಗ್, ರೀಡ್, ಸೈವರ್ಸನ್ ಎಂಬ ಮೂವರು ಇದನ್ನು ಕ್ಷಣಮಾತ್ರದಲ್ಲಿ ನಡೆಯಬೇಕಾದ ಸಂಪರ್ಕಕ್ಕೂ ಅನ್ವಯಿಸಿದರು. ರೋಜರ್ ಡಿಂಗಲ್ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ ಸೈವರ್ಸನ್ನರೊಡಗೂಡಿ 2004ರಲ್ಲಿ ಪ್ರಕಟಿಸಿದ ಪ್ರಬಂಧವು ಇಂದಿನ ಟಾರ್ ಜಾಲದ ರಚನೆಯನ್ನು ವಿವರಿಸಿತು. ಲಕೋಟೆಯೊಳಗೆ ಲಕೋಟೆ, ಅದರೊಳಗೆ ಮತ್ತೊಂದು ಲಕೋಟೆ ಎಂಬಂತೆ ಸಂದೇಶವು ಮೂರು ಪದರಗಳಲ್ಲಿ ಮುಚ್ಚಲ್ಪಟ್ಟು, ಸ್ವಯಂಸೇವಕರು ನಡೆಸುವ ಮೂರು ಯಂತ್ರಗಳನ್ನು ಹಾದು ಹೋಗುತ್ತದೆ. ಮೊದಲನೆಯದು ಕಳುಹಿಸಿದವನನ್ನು ಬಲ್ಲುದು, ಕೊನೆಯದು ತಲಪಬೇಕಾದ ತಾಣವನ್ನು ಬಲ್ಲುದು, ಎರಡನ್ನೂ ಬಲ್ಲ ಯಂತ್ರವು ನಡುವೆ ಒಂದೂ ಇಲ್ಲ. ಸಂಪರ್ಕದ ಎರಡು ತುದಿಗಳನ್ನೂ ಏಕಕಾಲಕ್ಕೆ ಕಾಯಬಲ್ಲ ಶಕ್ತಿಯೊಂದಿದ್ದರೆ ಹೊತ್ತು-ಪ್ರಮಾಣಗಳನ್ನು ತಾಳೆಹಾಕಿ ಗುಟ್ಟನ್ನು ಬಿಡಿಸಬಹುದೆಂಬುದನ್ನು ಆ ಕರ್ತೃಗಳೇ ಮರೆಮಾಚದೆ ಒಪ್ಪಿಕೊಂಡಿದ್ದಾರೆ.

ನಮ್ಮ ವಿಚಾರಕ್ಕೆ ಅತ್ಯಂತ ಮುಖ್ಯವಾದುದು ಈ ಯಂತ್ರವಿಧಾನವಲ್ಲದೆ, ಸೇನೆಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ಗುಟ್ಟಿನ ಜಾಲವು ಸಾರ್ವಜನಿಕರ ಕೈಗೆ ಏಕೆ ಬಂದಿತೆಂಬುದು. ನೌಕಾಪಡೆಯವರು ಮಾತ್ರ ಬಳಸುವ ಜಾಲವಿದ್ದರೆ, ಅದರಿಂದ ಹೊರಬಂದ ಪ್ರತಿಯೊಂದು ಸಂದೇಶವೂ ನೌಕಾಪಡೆಯದೇ ಎಂದು ಶತ್ರುವಿಗೆ ತಾನಾಗಿ ಗೊತ್ತಾಗುತ್ತಿತ್ತು. ಆದುದರಿಂದ ಗೂಢಚಾರನಿಗೆ ಮರೆಯಾಗಲು ವಿದ್ಯಾರ್ಥಿ, ವ್ಯಾಪಾರಿ, ಪತ್ರಕರ್ತ, ಗೃಹಿಣಿ ಇವರೆಲ್ಲರೂ ಅದೇ ದಾರಿಯಲ್ಲಿ ನಡೆಯಬೇಕಾಯಿತು. ಡಿಂಗಲ್ಡೈನ್ ಮತ್ತು ಮ್ಯಾಥ್ಯೂಸನ್ 2006ರಲ್ಲಿ ಬರೆದ ಮತ್ತೊಂದು ಪ್ರಬಂಧವು ಈ ತತ್ತ್ವವನ್ನೇ ಪ್ರತಿಪಾದಿಸಿ, ಬಳಸಲು ಕಷ್ಟವಾದ ಜಾಲವು ಜನರನ್ನು ಕಳೆದುಕೊಳ್ಳುವುದರಿಂದ ಅದು ಭದ್ರತೆಯನ್ನೂ ಕಳೆದುಕೊಳ್ಳುವುದೆಂದು ಸಾಧಿಸುತ್ತದೆ. ಇದರ ವಿಪರೀತ ನಿದರ್ಶನವು 2013ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಂಡುಬಂದಿತು. ಬಾಂಬಿನ ಹುಸಿಬೆದರಿಕೆಯನ್ನು ಟಾರ್ ಮೂಲಕ ಕಳುಹಿಸಿದ ವಿದ್ಯಾರ್ಥಿಯೊಬ್ಬನು, ಆ ಹೊತ್ತಿಗೆ ವಿಶ್ವವಿದ್ಯಾಲಯದ ವೈಫೈಯಿಂದ ಟಾರ್ ಜಾಲವನ್ನು ಸೇರಿದವರು ಯಾರೆಂದು ಅಧಿಕಾರಿಗಳು ವಿಚಾರಿಸಿದಾಗ ಸಿಕ್ಕಿಬಿದ್ದನು. ಗೂಢಲಿಪಿಯು ಭೇದಿಸಲ್ಪಡಲಿಲ್ಲ, ಭೇದಿಸುವ ಅಗತ್ಯವೇ ಬೀಳಲಿಲ್ಲ. ಆ ವಿದ್ಯಾರ್ಥಿಯ ಕೃತ್ಯವು ದಂಡನಾರ್ಹವೇ ಆಗಿದ್ದಿತು. ಆದರೆ ಅದೇ ರೀತಿಯಲ್ಲಿ, ಒಂದು ಅರಣ್ಯಗ್ರಾಮದಲ್ಲಿ ಟಾರ್ ಬಳಸುವವನು ಒಬ್ಬನೇ ಇದ್ದು, ಅಲ್ಲಿಂದ ದೂರೊಂದು ಹೊರಟರೆ, ಸತ್ಯವನ್ನು ಹೇಳಿದ ನಿರಪರಾಧಿಯೂ ಹೀಗೆಯೇ ಬಯಲಾಗುವನೆಂಬುದನ್ನು ನಾವು ಮರೆಯಲಾಗದು.

ಇಂತಹ ದೂರಿಗೆ ಆ ಸೀಮೆಯಲ್ಲಿ ಸಂದರ್ಭವಿಲ್ಲವೆಂದು ಯಾರೂ ಹೇಳಲಾರರು. ಸೀಗೂರಿನ ಆನೆಪಥವನ್ನು ಕುರಿತು 2010ರಲ್ಲಿ ತಮಿಳುನಾಡು ಸರಕಾರವು ಹೊರಡಿಸಿದ ಅಧಿಸೂಚನೆಯನ್ನು ಮದರಾಸು ಉಚ್ಚ ನ್ಯಾಯಾಲಯವು 2011ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರ್ 14ರಂದೂ ಎತ್ತಿಹಿಡಿದುವು. ಆ ದಾವೆಯ ಕಾಲಮಾನದುದ್ದಕ್ಕೂ ತಂಗುಮನೆಯ ಒಡೆಯನೂ ಅಲ್ಲಿ ಕೂಲಿಮಾಡುವವನೂ ಭೂಮಿ ಕಳೆದುಕೊಳ್ಳುವ ಭಯದ ರೈತನೂ ಅರಣ್ಯದ ಕಾವಲುಗಾರನೂ ಒಂದೇ ಚಹಾದಂಗಡಿಯಲ್ಲಿ ಕುಳಿತುಕೊಳ್ಳುವವರೇ ಆಗಿರುವಾಗ, ಅಕ್ರಮ ವಿದ್ಯುತ್ ಬೇಲಿಯನ್ನು ಕುರಿತಾಗಲಿ ಬೇಟೆಯನ್ನು ಕುರಿತಾಗಲಿ ಬಾಯಿ ಬಿಡಬೇಕೆನ್ನುವವನಿಗೆ ಅನಾಮಧೇಯತೆಯು ಜೀವನೋಪಾಯದ ಪ್ರಶ್ನೆಯಾಗಿಬಿಡುತ್ತದೆ.

ಕನ್ನಡದ ಅಂತರ್ಜಾಲ ಬಳಗಗಳಲ್ಲಿಯೂ ಇದೇ ವಿರಳತೆಯು ಬೇರೊಂದು ವೇಷದಲ್ಲಿ ಎದುರಾಗುತ್ತದೆ. 2003ರಲ್ಲಿ ಪ್ರಾರಂಭವಾಗಿ ಇಂದು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನುಳ್ಳ ಕನ್ನಡ ವಿಕಿಪೀಡಿಯವು ಇದಕ್ಕೆ ಒಳ್ಳೆಯ ಉದಾಹರಣೆ. ಖಾತೆ ತೆರೆಯದೆ ತಿದ್ದಿದರೆ ತಾನು ಅಜ್ಞಾತನಾಗಿ ಉಳಿಯುವೆನೆಂಬುದು ಹೊಸಬರ ಸಹಜವಾದ ನಂಬಿಕೆಯಾಗಿದ್ದಿತು; ಆದರೆ ಇತ್ತೀಚಿನವರೆಗೂ ಹಾಗೆ ತಿದ್ದಿದವರ ಐಪಿ ವಿಳಾಸವು ಪುಟದ ಇತಿಹಾಸದಲ್ಲಿ ಎಲ್ಲರ ಕಣ್ಣಿಗೂ ಶಾಶ್ವತವಾಗಿ ಬೀಳುತ್ತಿದ್ದಿತು, ಕಾವ್ಯನಾಮದಂಥ ಒಂದು ಕಲ್ಪಿತ ಹೆಸರಿನಲ್ಲಿ ಖಾತೆ ತೆರೆದವರ ವಿಳಾಸವಾದರೋ ಸಾರ್ವಜನಿಕರಿಗೆ ಕಾಣಿಸದೆ ಕೆಲವೇ ನಿಯುಕ್ತ ಪರಿಶೀಲಕರಿಗೆ ಸೀಮಿತಕಾಲ ಮಾತ್ರ ಲಭ್ಯವಾಗುತ್ತಿದ್ದಿತು. ಹೆಸರಿಟ್ಟುಕೊಂಡವನು ಮರೆಯಾದನು, ಹೆಸರಿಡದವನು ಬಯಲಾದನು. ಟಾರ್ ಮೂಲಕ ತಿದ್ದುವ ದಾರಿಯೂ ಅಲ್ಲಿ ಸಾಮಾನ್ಯರಿಗೆ ಮುಚ್ಚಿದೆ. ದುರುದ್ದೇಶದ ತಿದ್ದುಪಡಿಗಳನ್ನು ತಡೆಯುವ ಸಲುವಾಗಿ ಆ ಜಾಲದ ನಿರ್ಗಮನ ಯಂತ್ರಗಳನ್ನು ವಿಕಿಪೀಡಿಯವು ನಿರ್ಬಂಧಿಸಿರುವುದು ತಿಳಿದ ವಿಷಯ. ಆ ನಿರ್ಬಂಧವನ್ನು ನಾನು ಅನ್ಯಾಯವೆಂದು ಭಾವಿಸುವುದಿಲ್ಲ. 2013ರಲ್ಲಿ ಮುಚ್ಚಲ್ಪಟ್ಟ ‘ಸಿಲ್ಕ್ ರೋಡ್’ ಎಂಬ ಮಾದಕವಸ್ತುಗಳ ಸಂತೆಯು ಇದೇ ಜಾಲದ ಆಶ್ರಯದಲ್ಲಿ ಬೆಳೆದುದೆಂಬುದನ್ನು ಮರೆತು ಅನಾಮಧೇಯತೆಯ ಪಕ್ಷವನ್ನು ವಹಿಸುವುದು ಪ್ರಾಮಾಣಿಕವಾಗಲಾರದು.

ಐಪಿ ವಿಳಾಸವನ್ನು ಮರೆಸಿದರೂ ಬರೆಹವೇ ಬರೆದವನನ್ನು ಒಪ್ಪಿಸಿಕೊಡಬಹುದು. ಅರವಿಂದ ನಾರಾಯಣನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಲಕ್ಷ ಬರೆಹಗಾರರ ಸಮೂಹದೊಳಗಿಂದ ಅನಾಮಧೇಯ ಬರೆಹದ ಕರ್ತೃವನ್ನು ಶೈಲಿಯೊಂದರ ಬಲದಿಂದಲೇ ಶೇಕಡಾ 20ಕ್ಕೂ ಹೆಚ್ಚು ಸಂದರ್ಭಗಳಲ್ಲಿ ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಅದು ಇಂಗ್ಲಿಷ್ ಬರೆಹದ ಮಾತು. ‘ಬಂದಾನ’ ಎಂದು ಬರೆದವನನ್ನು ಧಾರವಾಡದ ಕಡೆಯವನೆಂದೂ ‘ಬಂದವ್ನೆ’ ಎಂದವನನ್ನು ಮೈಸೂರು ಸೀಮೆಯವನೆಂದೂ ಯಂತ್ರದ ನೆರವಿಲ್ಲದೆಯೇ ಹೇಳಬಲ್ಲ ಓದುಗರಿರುವ ಕನ್ನಡದಲ್ಲಿ, ಬಡಗ ನುಡಿಯ ಲಯವನ್ನೂ ತಮಿಳಿನ ಪದಗಳನ್ನೂ ಬೆರೆಸಿ ಬರೆಯುವ ಮಸಿನಗುಡಿಯ ಕನ್ನಡಿಗನು ಎಷ್ಟು ಜನರ ನಡುವೆ ಅಡಗಿಕೊಂಡಾನು? ಲಕ್ಷವಿರಲಿ, ಅಂತಹ ಬರೆಹಗಾರರು ಒಂದು ಚಿಕ್ಕ ಬಳಗದಲ್ಲಿ ಬೆರಳೆಣಿಕೆಯಷ್ಟು ಮಂದಿ ಇದ್ದಾರು. ಸ್ವಂತ ಆಡುಮಾತನ್ನು ಬಿಟ್ಟು ಗ್ರಾಂಥಿಕ ಭಾಷೆಯಲ್ಲಿ ಬರೆದರೆ ಮಾತ್ರ ಸುರಕ್ಷಿತನೆಂಬ ಸ್ಥಿತಿಯು ಅವನ ಮೇಲೆ ಬೀಳುವ ಹೆಚ್ಚಿನ ತೆರಿಗೆಯೇ ಸರಿ.

ಇನ್ನು ಓಡಾಟದ ಗುರುತುಗಳು. 2013ರಲ್ಲಿ ದ ಮೊಂಜುವಾ ಮತ್ತು ಸಹಲೇಖಕರು ಹದಿನೈದು ಲಕ್ಷ ಜನರ ಮೊಬೈಲ್ ದತ್ತಾಂಶವನ್ನು ಪರಿಶೀಲಿಸಿ, ಯಾವ ಹೊತ್ತಿನಲ್ಲಿ ಯಾವ ಗೋಪುರದ ಬಳಿ ಇದ್ದನೆಂಬ ನಾಲ್ಕೇ ಬಿಂದುಗಳು ತಿಳಿದರೆ ಅವರಲ್ಲಿ ಶೇಕಡಾ 95 ಜನರನ್ನು ಬೇರ್ಪಡಿಸಬಹುದೆಂದು ಕಂಡರು. ಕಾಡಿನಂಚಿನಲ್ಲಿ ಗೋಪುರಗಳು ವಿರಳವಾಗಿರುವುದರಿಂದ ಒಂದೊಂದು ಗೋಪುರವೂ ವಿಶಾಲವಾದ ಪ್ರದೇಶವನ್ನು ವ್ಯಾಪಿಸಿ, ಸ್ಥಳದ ನಿಖರತೆಯು ಕುಗ್ಗುವುದು ನಿಜ. ಆದರೆ ಆ ಗೋಪುರದ ಕೆಳಗೆ ನಡುರಾತ್ರಿಯಲ್ಲಿ ಎಚ್ಚರವಿರುವ ಫೋನುಗಳೇ ಕೆಲವಾಗಿರುವುದರಿಂದ ಈ ಲಾಭವು ಅಷ್ಟಕ್ಕಷ್ಟೆ. ವರ್ಷಕ್ಕೊಮ್ಮೆ ಮಾರಿಯಮ್ಮನ ಜಾತ್ರೆಗೆ ತಮಿಳುನಾಡು, ಕರ್ನಾಟಕ, ಕೇರಳಗಳಿಂದ ಸಾವಿರಾರು ಭಕ್ತರು ಬೊಕ್ಕಾಪುರಕ್ಕೆ ಬಂದು ಸೇರುವ ದಿನಗಳಲ್ಲಿ ಅಲ್ಲಿನ ಹಾಡಿಯ ಯುವಕನ ಫೋನು ನಗರದವನ ಫೋನಿನಷ್ಟೇ ಅಜ್ಞಾತವಾಗುತ್ತದೆ. ತೇರು ನಿಂತು, ಅಂಗಡಿಗಳನ್ನು ಬಿಚ್ಚಿ, ಬಸ್ಸುಗಳು ಹಿಂದಿರುಗಿದ ಬಳಿಕ, ಅದೇ ಫೋನು, ಅದೇ ಯಂತ್ರಾಂಶ, ಅದೇ ಗೂಢಲಿಪಿಗಳಿದ್ದರೂ ಅವನ ಮರೆಯು ಕಳಚಿಬೀಳುತ್ತದೆ. ಸಾಧನವು ಬದಲಾಗಲಿಲ್ಲ, ಜನರು ಮಾತ್ರ ಹೊರಟುಹೋದರು.

ಮುದುಮಲೈ ಹುಲಿ ಮೀಸಲು ಪ್ರದೇಶದ ಅಂಚಿನಲ್ಲಿರುವ ಇಂತಹ ಊರುಗಳನ್ನು ಕಾಯುತ್ತಿರುವ ಕಣ್ಣುಗಳು ಫೋನಿನವು ಮಾತ್ರವಲ್ಲ. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನು ಕಟ್ಟಿ, ವನ್ಯಜೀವಿಗಳ 3,48,58,623 ಚಿತ್ರಗಳನ್ನು ತೆಗೆಯಲಾಯಿತು. 2021ರ ಅಕ್ಟೋಬರ್‌ನಲ್ಲಿ ಮಸಿನಗುಡಿಯ ಬಳಿ ಟಿ-23 ಎಂಬ ಹುಲಿಯನ್ನು ಹಿಡಿದುದು ಇಂತಹ ಕ್ಯಾಮೆರಾಗಳು, ಡ್ರೋನುಗಳು ಮತ್ತು ಸಾಕಾನೆಗಳ ನೆರವಿನಿಂದಲೇ. ಸಂರಕ್ಷಣೆಗೆ ಇವು ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕ್ಯಾಮೆರಾವು ಹುಲಿಗೂ ಸೌದೆಗೆ ಹೋದ ಹೆಂಗಸಿಗೂ ಭೇದವೆಣಿಸದು. ಉತ್ತರಾಖಂಡದ ಕಾರ್ಬೆಟ್ ಅರಣ್ಯದ ಸುತ್ತಲಿನ ಹಳ್ಳಿಗಳಲ್ಲಿ ತ್ರಿಶಾಂತ್ ಸಿಮ್ಲಾಯ್ ಮತ್ತು ಕ್ರಿಸ್ ಸ್ಯಾಂಡ್‌ಬ್ರೂಕ್ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಸೂಕ್ಷ್ಮ ಸಂಗತಿಯನ್ನು ದಾಖಲಿಸುತ್ತದೆ: ಕಾಡುಪ್ರಾಣಿಗಳಿಗೆ ತಮ್ಮ ಇರವನ್ನು ತಿಳಿಸಲೆಂದು ಗಟ್ಟಿಯಾಗಿ ಮಾತಾಡುತ್ತಲೂ ಹಾಡುತ್ತಲೂ ಸಾಗುತ್ತಿದ್ದ ಹೆಂಗಸರು, ಯಾರೋ ನೋಡುತ್ತಿರುವರೆಂಬ ಅಳುಕಿನಿಂದ ದನಿಯನ್ನು ತಗ್ಗಿಸಿದರು, ದನಿ ತಗ್ಗಿದಂತೆ ಆನೆ-ಹುಲಿಗಳ ಅಪಾಯವು ಹೆಚ್ಚಿತು. ಮುದುಮಲೈಯಲ್ಲಿಯೂ ಹೀಗೆಯೇ ನಡೆದಿದೆಯೆಂದು ಇದರಿಂದ ತೀರ್ಮಾನಿಸಕೂಡದು. ಆದರೂ ಚಿತ್ರದಲ್ಲಿ ಮುಖವು ಮಸುಕಾಗಿದ್ದರೂ ಸೀರೆಯ ಬಣ್ಣದಿಂದಲೇ ಹಾಡಿಯವರೆಲ್ಲರೂ ಆಕೆಯನ್ನು ಗುರುತಿಸಬಲ್ಲ ವಸತಿಯಲ್ಲಿ, ಮುಖವನ್ನು ಮರೆಸುವುದು ಮಾತ್ರ ರಕ್ಷಣೆಯಾಗದೆಂಬುದು ಸ್ಪಷ್ಟ.

ನ್ಯಾಯಶಾಸ್ತ್ರವು ಈ ವಿಷಯದಲ್ಲಿ ಎಲ್ಲಿಯವರೆಗೆ ಬಂದಿದೆ? ಖಾಸಗಿತನವು ಮೂಲಭೂತ ಹಕ್ಕೆಂಬ ತೀರ್ಪಿಗೆ ಕಾರಣನಾದವನು ಒಬ್ಬ ಕನ್ನಡಿಗನೆಂಬುದು ನಮಗೆ ಅಭಿಮಾನದ ವಿಷಯ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಏಕಮತದಿಂದ ಉತ್ತರ ನೀಡಿತು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಒಬ್ಬ ತಂದೆಯ ಪ್ರಾರ್ಥನೆಯಂತೆ, ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಆಕೆಗೆ ಸಂಬಂಧಿಸಿದ ತೀರ್ಪಿನೊಡನೆ ಕಾಣಿಸದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತು. ಇವೆಲ್ಲವೂ ಸ್ವಾಗತಾರ್ಹ. ಆದರೆ ಹೆಸರನ್ನಳಿಸುವ ಪರಿಹಾರವು ದೊಡ್ಡ ಸಮಾಜಕ್ಕೆ ತಕ್ಕುದೇ ಹೊರತು, ಹೆಸರಿಲ್ಲದೆಯೂ ಕಥೆಯಿಂದಲೇ ವ್ಯಕ್ತಿಯನ್ನು ಬಲ್ಲ ಹಾಡಿಗೆ ಸಾಲದು. ಕಾರ್ಯಾಂಗವಾದರೋ ಬೇರೆ ದಿಕ್ಕಿನಲ್ಲಿ ನಡೆದಿದೆ: 2022ರ ಏಪ್ರಿಲ್ 28ರಂದು ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್, ಬಳಕೆದಾರನ ಐಪಿ ವಿಳಾಸವನ್ನು ಮರೆಸುವ ವಿಪಿಎನ್ ಸೇವೆಯವರು ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಕಾಪಾಡಬೇಕೆಂದು ವಿಧಿಸಿದಾಗ, ಹಲವು ವಿದೇಶೀ ಸಂಸ್ಥೆಗಳು ತಮ್ಮ ಸರ್ವರುಗಳನ್ನು ಭಾರತದಿಂದ ತೆಗೆದುಕೊಂಡು ಹೋದುವು.

ನೀಲಗಿರಿಗೆ ನೇರವಾಗಿ ಸಂಬಂಧಿಸಿದುದು ಇ-ಪಾಸ್. ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕಾನಲ್‌ಗೂ ಬರುವ ಪ್ರವಾಸಿಗರು ಮುಂಚಿತವಾಗಿ ವಿವರಗಳನ್ನು ನೋಂದಾಯಿಸಿ ಪಾಸು ಪಡೆಯಬೇಕಾಯಿತು. ಬೆಟ್ಟವು ಎಷ್ಟು ವಾಹನಗಳನ್ನು ತಾಳಿಕೊಳ್ಳಬಲ್ಲುದೆಂಬುದನ್ನು ಅಳೆಯುವುದು ಆಗ ಅದರ ಘೋಷಿತ ಉದ್ದೇಶವಾಗಿದ್ದಿತು. ಸ್ಥಳೀಯರಿಗೆ ವಿನಾಯಿತಿಯಿದೆ. ಉದ್ದೇಶವು ಶ್ಲಾಘ್ಯವಾದುದೇ, ವಾಹನಗಳನ್ನು ಎಣಿಸಲು ಮಾತ್ರ ಪ್ರಯಾಣಿಕನ ಫೋನ್ ಸಂಖ್ಯೆಯೇಕೆ ಬೇಕೆಂಬುದೇ ಪ್ರಶ್ನೆ. ಪುಟ್ಟಸ್ವಾಮಿ ತೀರ್ಪು ಒದಗಿಸಿದ ಪ್ರಮಾಣಬದ್ಧತೆಯ ಒರೆಗಲ್ಲಿಗೆ ಹಚ್ಚಿ ನೋಡಿದರೆ, ಎಣಿಕೆಗೆ ಬೇಕಾದುದನ್ನು ಮಾತ್ರ ಪಡೆದು ಮಿಕ್ಕುದನ್ನು ಕೇಳದಿರುವುದೇ ನ್ಯಾಯವೆಂದು ತೋರುತ್ತದೆ. ತೆಪ್ಪಕಾಡಿನಿಂದ ಮಸಿನಗುಡಿಗೆ ಬರುವ ದಾರಿ ಒಂದೇ, ಅಲ್ಲಿಂದ ಕಲ್ಲಟ್ಟಿ ಘಟ್ಟವನ್ನೇರುವ ದಾರಿಯೂ ಒಂದೇ ಆಗಿರುವ ಸೀಮೆಯಲ್ಲಿ, ಯಾರು ಯಾವ ದಿನ ಎಲ್ಲಿ ತಂಗಿದರೆಂಬ ಪಟ್ಟಿಯು ಅವರನ್ನು ಬರಮಾಡಿಕೊಂಡ ಮನೆಗಳ ಪಟ್ಟಿಯೂ ಆಗುತ್ತದೆ. ವಿನಾಯಿತಿ ಪಡೆದ ಸ್ಥಳೀಯನು ಅತಿಥಿಯ ಮೂಲಕ ಕಡತವನ್ನು ಸೇರುತ್ತಾನೆ.

ಸಂಗ್ರಹಿಸಿದ ಮೇಲೆ ಅಳಿಸಿದರಾಯಿತೆಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಉದ್ದೇಶವು ತೀರಿದ ಬಳಿಕ ದತ್ತಾಂಶವನ್ನು ಅಳಿಸಬೇಕೆಂದು ಖಾಸಗಿ ಸಂಸ್ಥೆಗಳಿಗೆ ವಿಧಿಸಿದರೂ, 17ನೆಯ ಪ್ರಕರಣದ 4ನೆಯ ಉಪಪ್ರಕರಣದಲ್ಲಿ ರಾಜ್ಯವನ್ನೂ ಅದರ ಅಂಗಗಳನ್ನೂ ಆ ಕರ್ತವ್ಯದಿಂದ ಮುಕ್ತಗೊಳಿಸಿದೆ. ತನ್ನ ವಿವರಗಳನ್ನು ಅಳಿಸಿರೆಂದು ರಾಜ್ಯವನ್ನು ಕೇಳುವ ಹಕ್ಕೂ ಪ್ರಜೆಗೆ ಅಲ್ಲಿ ದೊರೆಯದು. ಬೊಕ್ಕಾಪುರಂನಂಥ ಸೀಮೆಗಳಲ್ಲಿ ದತ್ತಾಂಶವನ್ನು ಸಂಗ್ರಹಿಸುವವರಲ್ಲಿ ಅರಣ್ಯ ಇಲಾಖೆಯೂ ಜಿಲ್ಲಾಡಳಿತವೂ ಮೊದಲಿಗರಾಗಿರುವುದರಿಂದ, ಈ ವಿನಾಯಿತಿಯ ಭಾರವು ಬಹುಮಟ್ಟಿಗೆ ಅಲ್ಲಿನ ನಿವಾಸಿಗಳ ಮೇಲೆಯೇ ಬೀಳುತ್ತದೆ. ಆದಕಾರಣ, ಒಂದು ಹಾಡಿಯ ಸುತ್ತ ಕ್ಯಾಮೆರಾ ಕಟ್ಟುವ ಮೊದಲು, ಪಾಸಿನ ನಮೂನೆಯಲ್ಲಿ ಒಂದು ಅಂಕಣವನ್ನು ಸೇರಿಸುವ ಮೊದಲು, ಈ ವಿವರವು ಎಷ್ಟು ಜನರ ನಡುವೆ ಒಬ್ಬನನ್ನು ಬೇರ್ಪಡಿಸುವುದೆಂದು ಎಣಿಸಿ, ಗ್ರಾಮಸಭೆಯ ಮುಂದಿಟ್ಟು, ಅದರ ಒಪ್ಪಿಗೆಯನ್ನು ಪಡೆಯುವ ಕ್ರಮವು ಸಂಗ್ರಹದ ಘಟ್ಟದಲ್ಲಿಯೇ ವಿಧಿಸಲ್ಪಡಬೇಕು.