ಪೈನ್ ಬಳಗದ ಅಗಲೆಲೆ ಮರ

ಅರಸೀಕೆರೆ ಕಡೆ ಸರ್ವೆಮರ ನೋಡಿ ‘ಇದು ಪೈನ್ ಜಾತಿ’ ಅಂತೀರಿ, ಅಲ್ಲವೇ? ಅದು ಹೂಬಿಡುವ ಮರ. ನೋಟ ಮಾತ್ರ ಪೈನಿನದು. ಪೈನ್, ದೇವದಾರುಗಳ ಬಳಗಕ್ಕೆ ನಿಜವಾಗಿ ಸೇರಿದ್ದು, ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವುದು ಒಂದೇ ಮರ. ಬೇಲೂರಿನ ಪಶ್ಚಿಮದ ಘಟ್ಟಸಾಲನ್ನೇ ಹಿಡಿದು ದಕ್ಷಿಣಕ್ಕೆ ಸಾಗಿದರೆ, ಕೇರಳ-ತಮಿಳುನಾಡಿನ ಅಗಸ್ತ್ಯಮಲೆಯ ನಿತ್ಯಹಸಿರು ಕಾಡಿನಲ್ಲಿ ಅದು ಸಿಗುತ್ತದೆ.

ಬೇಲೂರು, ಹಳೇಬೀಡಿನ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತಿದರು. ಈ ಮರಕ್ಕೂ ಒಬ್ಬರ ಹೆಸರು ಅಂಟಿದೆ: ಕಲ್ಕತ್ತೆಯ ಸಸ್ಯೋದ್ಯಾನವನ್ನು 1846ರವರೆಗೆ ನೋಡಿಕೊಂಡ ಡೆನ್ಮಾರ್ಕಿನ ವೈದ್ಯ ವಾಲಿಚ್. ಜರ್ಮನಿಯ ಕುಂಟ್ಸೆ 1891ರಲ್ಲಿ ಇದನ್ನು ‘ನಾಗೆಯಾ ವಾಲಿಚಿಯಾನಾ’ ಎಂದು ಬರೆದರು.

ಎಲೆ ಸೂಜಿಯಂತಿಲ್ಲ, ಅಗಲ. ನಡುನರವೇ ಇಲ್ಲ, ಉದ್ದಕ್ಕೂ ಸಾಲುನರಗಳು. ಪೈನಿನ ಗಟ್ಟಿಕಾಯಿ ಇದಕ್ಕಿಲ್ಲ. ಮೆತ್ತನೆಯ ತೊಟ್ಟಿನ ಮೇಲೆ ಒಂದು ಬೀಜ. ಪರಂಗಿಯ ಹಾಗೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸುತ್ತಲಿನ ಗಂಡು ಮರ ಕಡಿದರೆ, ಉಳಿದ ಹೆಣ್ಣು ಎಷ್ಟು ಹಸಿರಾಗಿದ್ದರೂ ಮೊಳೆಯುವ ಬೀಜ ಕೊಡಲಾರದು. ಮರ ನಿಂತಿದೆ ಅಂದಮಾತ್ರಕ್ಕೆ ವಂಶ ಉಳಿಯಿತು ಅಂತಲ್ಲ.

ಹೆಸರು ಗೊತ್ತಿಲ್ಲದ ಘಟ್ಟದ ಮರ ಕಂಡರೆ, ಬಿದ್ದ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ಕೊಡಲಿಯ ಮಾತು ಆಮೇಲೆ.